ಮೇಲಿನ ಸಾಲಿನ ನಿಯಮ

ನಮ್ಮ ಕಾಲೊನಿಯ ಕೆಲವು ಮನೆಗಳಿಗೆ ಬರುವ ಇ-ಮೇಲ್ ಒಂದು ಕಾಲದಲ್ಲಿ ನನ್ನ ಮನೆಯ ಕಂಪ್ಯೂಟರಿಗೆ ಬರುತ್ತಿತ್ತು. ಅದನ್ನು ಮನೆಮನೆಗೆ ಬೇರ್ಪಡಿಸಿ ಮುಟ್ಟಿಸುವುದು ನನ್ನ ಕೆಲಸ. ಯಾರೂ ಹಚ್ಚಿದ ಕೆಲಸವಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು. ಆ ಕೆಲಸದಲ್ಲಿ ನಾನು ಮಾಡಿದ ಒಂದು ಅನ್ಯಾಯವನ್ನು ಈಗ ಬರೆಯುತ್ತಿದ್ದೇನೆ. ಒಬ್ಬ ಹೆಣ್ಣುಮಗಳ ಒಬ್ಬನೇ ತಮ್ಮ ಅಕ್ಕನ ಮಗಳ ಮದುವೆಯ ಹಂದರದಲ್ಲಿ ಸೋದರಮಾವನಾಗಿ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ಅವನು ಬರದಂತೆ ಮಾಡಿದವನು ನಾನು.

ಆಗ ನಾನು ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಸಿಕಂದರಾಬಾದಿನ ಆಚೆ ಕಾಲೊನಿಯಲ್ಲಿ ಒಬ್ಬನೇ ಇದ್ದೆ. ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಮಕ್ಕಳಾಗಿರಲಿಲ್ಲ. ರಾಯಚೂರಿನ ಕಡೆಯ ನಮ್ಮ ಊರಿನಲ್ಲಿ ನನ್ನ ಮುಖ ಗುರುತಿಸುವವರೇ ಕಡಿಮೆಯಾಗಿದ್ದರು. ಹೈದರಾಬಾದ್ ಮಾತ್ರ ದಿನಕ್ಕೊಂದು ರೂಪ ತಾಳುತ್ತಿತ್ತು. ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕೋರ್ಸಿನ ಬೋರ್ಡುಗಳ ಹಿಂದೆ ಕಟ್ಟಡಗಳೇ ಕಾಣುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹುಡುಗ ಹುಡುಗಿಯರ ಬಾಯಲ್ಲಿ ಅದೇ ಮಾತು. ಊರೆಲ್ಲ ಎತ್ತಲೋ ಹೊರಟಂತಿತ್ತು. ನಾನೊಬ್ಬ ನಿಲ್ದಾಣದಲ್ಲೇ ಉಳಿದವನ ಹಾಗೆ ಅನ್ನಿಸುತ್ತಿತ್ತು.

ನಾನು ಓದಿದ್ದು ಹೈಸ್ಕೂಲಿನವರೆಗೆ. ಆದರೆ ಬಿಡಿಭಾಗಗಳ ಜೊತೆ ಬಾಳಿದವನು. ಒಂದು ಹಳೆಯ ಮಾನಿಟರು, ಜೋಡಿಸಿದ ಪೆಟ್ಟಿಗೆ, ಫೋನಿಗೆ ಹಚ್ಚುವ ಮೋಡೆಮ್ ತಂದಿಟ್ಟುಕೊಂಡೆ. ಒಂದು ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇತ್ತು. ಹಾಕಿದೆ, ಕೆಡಿಸಿದೆ, ಮತ್ತೆ ಹಾಕಿದೆ. ದಿನ ಕಳೆಯಲು ಬೇರೇನೂ ಇರಲಿಲ್ಲವಾದ್ದರಿಂದ ಕಡೆಗೆ ಅದು ಬಗ್ಗಿತು. ಅದರಲ್ಲಿ ನನಗೆ ಹಿಡಿಸಿದ್ದು ಒಂದೇ. ಬಂದ ಮೇಲನ್ನು ಹೇಗೆ ವಿಂಗಡಿಸಬೇಕು ಎಂದು ಸಾಲುಸಾಲಾಗಿ ನಿಯಮ ಬರೆದಿಟ್ಟರೆ ಯಂತ್ರ ತಾನೇ ವಿಂಗಡಿಸುತ್ತಿತ್ತು. ಕಾರ್ಖಾನೆಯಲ್ಲಿ ನನ್ನ ಕೆಲಸವೂ ಅದೇ ಆಗಿತ್ತು. ಹೊರಗಿನಿಂದ ಬಂದ ಮಾಲನ್ನು ನೋಡಿ ಹಸಿರು, ಹಳದಿ, ಕೆಂಪು ಚೀಟಿ ಕಟ್ಟಿ ಆಯಾ ಕಪಾಟಿಗೆ ಕಳಿಸುವುದು. ಚೀಟಿ ಕಟ್ಟುವವನು ತೀರ್ಮಾನ ಮಾಡುವವನಲ್ಲ, ಮೇಲಿನವರು ಬರೆದುಕೊಟ್ಟ ಹಾಗೆ ಮಾಡುವವನು ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಈ ಮಾತು ಮುಂದೆ ನನ್ನನ್ನು ಬಹಳ ಕೆಡಿಸಿತು.

ಕಾಲೊನಿಯಲ್ಲಿ ನಮ್ಮ ಕಡೆಯ ಮನೆಗಳು ಕೆಲವಿದ್ದವು. ಎಲ್ಲರೂ ಅದೇ ಕಾರ್ಖಾನೆಯವರು. ಹೊರಗೆ ತೆಲುಗು, ಹಿಂದಿ; ಬಾಗಿಲು ಹಾಕಿಕೊಂಡ ಮೇಲೆ ಕನ್ನಡ. ಅವರ ಮನೆಯವರು ಒಬ್ಬಿಬ್ಬರು ಕೊಲ್ಲಿ ದೇಶಗಳಿಗೆ ಹೋಗಿದ್ದರು. ಅವರಿಗೆ ನನ್ನ ವಿಳಾಸ ಕೊಟ್ಟೆವು. ವಿಷಯದ ಸಾಲಿನಲ್ಲಿ ಮೊದಲು ಮನೆಯ ನಂಬರು ಬರೆಯಬೇಕು, ಇಷ್ಟೇ ಕರಾರು. ಬೆಳಿಗ್ಗೆ ಹಾಲಿನವನು ಹೋದ ಮೇಲೆ ನಾನು ಫೋನ್ ಹಚ್ಚುತ್ತಿದ್ದೆ. ಮೋಡೆಮ್ಮು ಕಿರುಚಿ, ಗೊಗ್ಗರಿಸಿ, ಸುಮ್ಮನಾಗುತ್ತಿತ್ತು. ನನ್ನ ಮನೆಯಲ್ಲಿ ದಿನದ ಮೊದಲ ದನಿ ಅದೇ. ಒಂದು ಪ್ರೋಗ್ರಾಮು ದೂರದ ಪೆಟ್ಟಿಗೆಯಿಂದ ಮೇಲನ್ನು ಎಳೆದು ತರುತ್ತಿತ್ತು, ಇನ್ನೊಂದು ನಂಬರು ನೋಡಿ ಆಯಾ ಮನೆಯ ಫೋಲ್ಡರಿಗೆ ಹಾಕುತ್ತಿತ್ತು. ನಾನು ಪ್ರಿಂಟು ತೆಗೆದು ಮನೆಗಳಿಗೆ ಕೊಟ್ಟು ಬರುತ್ತಿದ್ದೆ. ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದ ಕಾಲ. ಆ ಅಕ್ಷರ ಬಾರದವರಿಗೆ ನಾನೇ ಕೂತು ಓದಿ ಹೇಳುತ್ತಿದ್ದೆ.

ಪಕ್ಕದ ಮನೆಯವರು ನನ್ನ ಜೊತೆಯಲ್ಲೇ ಕಾರ್ಖಾನೆ ಸೇರಿ, ನನಗಿಂತ ಮೇಲೇರಿ, ಮೇಲ್ವಿಚಾರಕರಾಗಿ ಇನ್ನೂ ನೌಕರಿಯಲ್ಲಿದ್ದರು. ಅವರ ಹೆಂಡತಿ ಲಿಂಗಸುಗೂರಿನ ಕಡೆಯವರು. ನನ್ನನ್ನು ಅಣ್ಣಾರ ಎಂದು ಕರೆಯುತ್ತಿದ್ದರು. ನನ್ನ ಹೆಂಡತಿ ಹೋದ ಮೇಲೆ ಸಂಜೆಯ ರೊಟ್ಟಿ ಅವರ ಮನೆಯಲ್ಲೇ. ನಾನು ತಡ ಮಾಡಿದರೆ ಕಾಂಪೌಂಡಿನ ಗೋಡೆಯ ಮೇಲಿಂದ ಕೂಗು ಬರುತ್ತಿತ್ತು. ಪಂಚಮಿಗೆ ಹುತ್ತಕ್ಕೆ ಹಾಲೆರೆದು ಬಂದು ಅಣ್ಣನ ಬೆನ್ನಿಗೆ ಹಾಲು ಹಚ್ಚುತ್ತಾರಲ್ಲ, ಹಾಗೆ ನನ್ನ ಬೆನ್ನಿಗೂ ಹಚ್ಚುತ್ತಿದ್ದರು. ನನಗೆ ಉಳಿದಿದ್ದ ಸಂಬಂಧ ಅದೊಂದೇ.

ಆಕೆಗೆ ಒಬ್ಬ ಸ್ವಂತ ತಮ್ಮನಿದ್ದ. ತಾಯಿ ಬೇಗ ಹೋದದ್ದರಿಂದ ಎತ್ತಿ ಆಡಿಸಿ ಬೆಳೆಸಿದವರು ಇವರೇ. ಮಸ್ಕತ್ತಿಗೆ ಹೋದವನು ಅಲ್ಲಿ ಬೇರೆ ಧರ್ಮದ ಒಬ್ಬ ನರ್ಸನ್ನು ಮದುವೆಯಾದ. ಮನೆಯ ಹಿರಿಯರು ಅವನ ಹೆಸರೆತ್ತುವುದನ್ನು ಬಿಟ್ಟರು, ಅವನೂ ಸುಮ್ಮನಾದ. ವರ್ಷಗಳು ಕಳೆದವು. ಕಾಲೊನಿಯಿಂದ ಅಲ್ಲಿಗೆ ಹೋದ ಯಾರೋ ಅವನಿಗೆ ನನ್ನ ವಿಳಾಸ ಕೊಟ್ಟರು. ಒಂದು ದಿನ ಬೆಳಿಗ್ಗೆ ಆಕೆಯ ಮನೆಯ ನಂಬರಿನ ಕೆಳಗೆ ಅವನ ಮೇಲ್ ಬಂದು ಕೂತಿತ್ತು. ಫೋನ್ ಮಾಡಿದರೆ ಮಾತು ಹೊರಡುವುದಿಲ್ಲ ಅಕ್ಕಾ, ಅದಕ್ಕೆ ಬರೆಯುತ್ತಿದ್ದೇನೆ ಎಂದಿದ್ದ. ಒಬ್ಬ ಮಗ ಹುಟ್ಟಿದ್ದಾನೆ, ಮೂಗು ನಮ್ಮಪ್ಪನದೇ ಎಂದೂ ಬರೆದಿದ್ದ.

ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಓದಿದೆ. ಆಕೆ ಹಿಟ್ಟಿನ ಕೈಯಲ್ಲೇ ಕೇಳಿದರು. ಮತ್ತೊಮ್ಮೆ ಓದಿಸಿದರು. ಮೂಗಿನ ಸಾಲನ್ನು ಇನ್ನೂ ಒಮ್ಮೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಅಂದರು:

“ಇನ್ನ ನನಗ ಯಾರೂ ಇಲ್ಲ ಅನ್ನಂಗಿಲ್ರಿ ಅಣ್ಣಾರ. ತವರುಮನಿ ಐತಿ ನನಗ.”

ನಾನು ಚಲೋ ಆತು ಎಂದೆ, ಆಕೆ ಹೇಳಿದ ಉತ್ತರವನ್ನು ಅಂದೇ ಕಳಿಸಿದೆ. ಆ ದಿನ ಸಂಜೆ ಊಟದ ಹೊತ್ತಿಗೆ ಗೋಡೆಯ ಮೇಲಿಂದ ಕೂಗು ಬರಲಿಲ್ಲ. ಸಂತೋಷದಲ್ಲಿ ಮರೆತಿದ್ದರು, ಅಷ್ಟೇ. ನಾನಾಗಿ ಹೋಗಿದ್ದರೆ ಬಡಿಸುತ್ತಿದ್ದರು. ಹೋಗಲಿಲ್ಲ. ಬ್ರೆಡ್ಡು ತಿಂದು ಮಲಗಿದೆ. ಇಷ್ಟು ದಿನ ಆ ಮನೆಯಲ್ಲಿ ನಾನು ಕೂತಿದ್ದ ಜಾಗ ಬೇರೊಬ್ಬನದು ಎಂದು ಆಗ ಮೊದಲ ಸಲ ಅನ್ನಿಸಿತು.

ನಾಲ್ಕಾರು ದಿನಗಳಲ್ಲಿ ಆಕೆಯ ಗಂಡ ನನ್ನನ್ನು ಕಾಲೊನಿಯ ತಿರುವಿನ ಇರಾನಿ ಹೋಟೆಲಿಗೆ ಕರೆದುಕೊಂಡು ಹೋದರು. ಮಗಳಿಗೆ ಗಂಡು ನೋಡುತ್ತಿದ್ದರು. ಕಲಬುರಗಿಯ ಕಡೆಯ ಮನೆತನ, ಆಚಾರದವರು. ಹೆಂಡತಿಯ ತಮ್ಮನ ಸುದ್ದಿ ಈಗ ಬಾಯಿಬಾಯಿಗೆ ಹೋಗುವುದು ಅವರಿಗೆ ಬೇಕಿರಲಿಲ್ಲ. ಮೊದಲು ನನ್ನನ್ನು ಚೇಷ್ಟೆ ಮಾಡಿದರು. “ನಿಮ್ಮ ಪೆಟಗಿ ಬಂದಾಗಿಂದ ಅಂಚಿ ಮಾಮಾ ನಮ್ಮ ಓಣಿ ಮರತಾನ ನೋಡ್ರಿ” ಎಂದು ನಕ್ಕರು. ಆಮೇಲೆ ಚಹಾದ ಕಪ್ಪನ್ನು ಬದಿಗಿಟ್ಟರು.

“ಅಂವಂದು ಮೇಲ್ ಬಂದ್ರ ಅಕಿಗೆ ಓದಬ್ಯಾಡ್ರಿ. ನನ್ನ ಆಫೀಸಿನ ವಿಳಾಸಕ್ಕ ಕಳಸ್ರಿ. ಮದುವಿ ಆಗೋತನಕ ಅಷ್ಟ. ಆಮ್ಯಾಲ ನಾನಾ ಹೇಳ್ತೀನಿ ಅಕಿಗೆ.”

ಕಾರ್ಖಾನೆಯಲ್ಲಿ ಮೇಲ್ವಿಚಾರಕರಿಗೆಲ್ಲ ಆಗತಾನೆ ಇ-ಮೇಲ್ ವಿಳಾಸ ಕೊಟ್ಟಿದ್ದರು. ನಾನು ಆಗುವುದಿಲ್ಲ ಎನ್ನಬಹುದಿತ್ತು. ಅವರೇನೂ ಬಲವಂತ ಮಾಡುವ ಮನುಷ್ಯರಲ್ಲ. ನಾನು ಆಗಲಿ ಎಂದೆ, ಮತ್ತು ಹಾಗೆ ಎನ್ನುವಾಗ ಎದೆಯೊಳಗೆ ಹಗುರವೂ ಆಯಿತು. ಇದನ್ನು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ.

ಮನೆಗೆ ಬಂದು ನಿಯಮಗಳನ್ನು ಬರೆದಿಟ್ಟಿದ್ದ ಫೈಲು ತೆರೆದೆ. ಯಂತ್ರ ಅದನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೇಲಿನ ಸಾಲಿನ ನಿಯಮಕ್ಕೆ ಸಿಕ್ಕ ಮೇಲ್ ಅಲ್ಲೇ ನಿಂತುಬಿಡುತ್ತದೆ, ಕೆಳಗಿನ ನಿಯಮಗಳ ಕಣ್ಣಿಗೆ ಅದು ಬೀಳುವುದೇ ಇಲ್ಲ. ಎಲ್ಲ ಮನೆಗಳ ನಂಬರಿಗಿಂತ ಮೇಲೆ ಒಂದು ನಿಯಮ ಬರೆದೆ. ಈ ವಿಳಾಸದಿಂದ ಬಂದದ್ದರ ಒಂದು ಪ್ರತಿ ಗಂಡನ ಆಫೀಸಿಗೆ, ಮೂಲ ‘ಬೇರೆ’ ಎಂಬ ಫೋಲ್ಡರಿಗೆ. ಪರೀಕ್ಷೆಗೆಂದು ಒಂದು ಸುಳ್ಳು ಮೇಲ್ ಹಾಕಿ ನೋಡಿದೆ. ಚೆನ್ನಾಗಿ ಕೆಲಸ ಮಾಡಿತು. ಆ ಹೊತ್ತಿಗೆ ನನಗೆ ಹೆಮ್ಮೆಯೂ ಆಗಿತ್ತು.

ಅಂದಿನಿಂದ ಆಕೆ ಗೋಡೆಯ ಹತ್ತಿರ ಬಂದು ಕೇಳುತ್ತಿದ್ದರು, ತಮ್ಮ ಏನಾದರೂ ಬರೆದಿದ್ದಾನೆಯೇ ಎಂದು. ನಾನು ಒಳಗೆ ಹೋಗಿ ಅವರ ಮನೆಯ ಫೋಲ್ಡರ್ ತೆರೆದು ನೋಡಿ, ಹೊರಗೆ ಬಂದು, “ನಿಮ್ಮ ಫೋಲ್ಡರಿನ್ಯಾಗ ಏನೂ ಇಲ್ರಿ” ಎನ್ನುತ್ತಿದ್ದೆ. ಅದು ನಿಜವಾಗಿತ್ತು. ಸುಳ್ಳು ಹೇಳಬಾರದೆಂದು ನಾನು ಪ್ರತಿ ಸಲವೂ ನಿಜವಾಗಿ ತೆರೆದು ನೋಡುತ್ತಿದ್ದೆ. ಮನುಷ್ಯ ತನಗೆ ತಾನೇ ಇಷ್ಟೂ ಮೋಸ ಮಾಡಿಕೊಳ್ಳಬಲ್ಲ.

ತಮ್ಮನ ಮೇಲುಗಳು ಬರುತ್ತಲೇ ಇದ್ದವು. ಮಗ ನಡೆಯತೊಡಗಿದ್ದು, ಹೆಂಡತಿ ಜೋಳದ ರೊಟ್ಟಿ ತಟ್ಟಲು ಹೋಗಿ ಹರಿದದ್ದು, ಅಕ್ಕ ಬೇಸರ ಮಾಡಿಕೊಂಡಿದ್ದಾಳೇನೋ ಎನ್ನುವ ಅನುಮಾನ. ‘ಬೇರೆ’ ಫೋಲ್ಡರನ್ನು ನಾನು ತೆರೆಯಬೇಕಾಗಿರಲಿಲ್ಲ. ಆದರೂ ಬೆಳಿಗ್ಗೆ ಎಲ್ಲರ ಪ್ರಿಂಟು ತೆಗೆದಾದ ಮೇಲೆ ಒಬ್ಬನೇ ಕೂತು ಓದುತ್ತಿದ್ದೆ. ಎಂಥ ನಾಚಿಕೆಗೇಡು ಎಂದರೆ, ಓದುತ್ತಾ ಅವು ನನಗೇ ಬಂದವು ಅನ್ನಿಸಲು ಶುರುವಾಯಿತು. ನನಗೆ ಯಾರೂ ಬರೆಯುತ್ತಿರಲಿಲ್ಲ.

ಮದುವೆ ನಿಶ್ಚಯವಾಯಿತು. ನಮ್ಮಲ್ಲಿ ಮದುಮಗಳನ್ನು ಸೋದರಮಾವ ಕೈಹಿಡಿದು ಹಂದರಕ್ಕೆ ಕರೆತರಬೇಕು. ಅವನು ಉಡುಗೊರೆ ಕೊಟ್ಟ ಸೀರೆ ಉಟ್ಟೇ ಆಕೆ ಬರಬೇಕು. ಮದುಮಗಳ ತಾಯಿ ನನ್ನ ಮನೆಗೆ ಬಂದು, ತಮ್ಮ ಬರೆಯದಿದ್ದರೂ ಚಿಂತೆಯಿಲ್ಲ, ನಾನು ಕರೆಯುವುದು ಕರೆಯುತ್ತೇನೆ ಎಂದರು. ಆಕೆ ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಟೈಪ್ ಮಾಡಿ ಕಳಿಸಿದೆ. ಬಂದದ್ದನ್ನು ತಡೆಯುವುದಷ್ಟೇ ಗಂಡನೊಡನೆ ಆದ ಮಾತು, ಹೋಗುವುದನ್ನಲ್ಲ. ಇಬ್ಬರಿಗೂ ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ ಎಂದುಕೊಂಡೆ.

ಉತ್ತರ ಮರುದಿನವೇ ಬಂತು, ಮೇಲಿನ ಸಾಲಿಗೆ ಸಿಕ್ಕಿತು, ‘ಬೇರೆ’ಗೆ ಬಿತ್ತು. ಬರುತ್ತೇನೆ ಅಕ್ಕಾ, ರಜೆಗೆ ಅರ್ಜಿ ಬರೆದು ಇಟ್ಟುಕೊಂಡಿದ್ದೇನೆ, ಆದರೆ ಭಾವನಿಗೆ ಮನಸ್ಸಿದೆಯೇ, ಅದೊಂದು ಮಾತು ಬರೆಸು, ಕರೆಯದ ಹಂದರದಲ್ಲಿ ನಿಂತು ನಿನ್ನ ತಲೆ ತಗ್ಗಿಸಲಾರೆ ಎಂದಿತ್ತು. ಪ್ರತಿ ಆಫೀಸಿಗೆ ಹೋಗಿದೆ, ಗಂಡ ಓದಿಯೇ ಓದುತ್ತಾರೆ, ತೀರ್ಮಾನ ಅವರದು ಎಂದು ನಾನು ಸುಮ್ಮನಿದ್ದೆ. ಆದರೆ ಅವರು ಮದುವೆಯ ಓಡಾಟಕ್ಕೆಂದು ರಜೆ ಹಾಕಿ ಮನೆಯಲ್ಲೇ ಇದ್ದದ್ದು ನನಗೆ ಗೊತ್ತಿತ್ತು. ಬೇಗಂ ಬಜಾರಿನಿಂದ ಸಾಮಾನು ತರಲು ಅವರ ಜೊತೆ ನಾನೇ ಹೋಗಿದ್ದೆ. ಆಟೋದಲ್ಲಿ ಬೆಲ್ಲದ ಪೆಂಟೆ, ಬೇಳೆಯ ಚೀಲಗಳ ನಡುವೆ ಇಬ್ಬರೂ ಮೊಣಕಾಲು ಮಡಚಿ ಕೂತು ಬಂದೆವು. ದಾರಿಯುದ್ದಕ್ಕೂ ಆ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ.

ಇನ್ನೂ ಒಂದು ಮೇಲ್ ಬಂತು, ಬಹಳ ಚಿಕ್ಕದು. ನಿನ್ನ ಮಾತು ಬರಲಿಲ್ಲ, ತಿಳಿಯಿತು ಅಕ್ಕಾ, ರಜೆ ಬೇಡವೆಂದೆ, ಮಗಳಿಗೆ ಒಳ್ಳೆಯದಾಗಲಿ.

ಮದುವೆಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಆಕೆ ಒಂದು ಪೊಟ್ಟಣ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. ಸುಲ್ತಾನ್ ಬಜಾರಿನಿಂದ ತಂದ ಸೀರೆ. ಹಸಿರು ಒಡಲು, ಕೆಂಪು ಅಂಚು.

“ನಾನಾ ತಂದೀನ್ರಿ. ನಮ್ಮ ತಮ್ಮ ಅಂತೂ ಕರದ್ರೂ ಓ ಅನ್ನಲಿಲ್ಲ. ನೀವು ಸೋದರಮಾವ ಆಗಿ ಇದನ್ನ ಕೊಟ್ಟು, ಮಗಳ ಕೈ ಹಿಡಕೊಂಡು ಬರ್ರಿ. ನೀವೂ ಅಣ್ಣನ ಅಲ್ಲೇನ್ರಿ ನನಗ?”

ಆ ಗಳಿಗೆಯಲ್ಲಿ ಎಲ್ಲವನ್ನೂ ಹೇಳಬಹುದಿತ್ತು. ಅವನಿಗೆ ಇನ್ನೂ ಹೊರಟು ಬರಲು ಸಮಯವಿತ್ತು. ಕಂಪ್ಯೂಟರು ನನ್ನ ಬೆನ್ನ ಹಿಂದೆಯೇ ಇತ್ತು. ನಾನು ಸೀರೆ ತೆಗೆದುಕೊಂಡೆ.

ಫಂಕ್ಷನ್ ಹಾಲಿನಲ್ಲಿ ನನಗೆ ರುಮಾಲು ಸುತ್ತಿದರು. ಮದುಮಗಳ ಕೈ ತಣ್ಣಗಿತ್ತು, ಗೋರಂಟಿಯ ವಾಸನೆ ಬರುತ್ತಿತ್ತು. ಆಕೆಯನ್ನು ನಡೆಸಿಕೊಂಡು ಬರುವಾಗ ಎರಡೂ ಕಡೆ ಕೂತವರು ಮಾವ ಯಾರು ಎಂದು ಕೇಳುವುದು, ಯಾರೋ ಹೇಳುವುದು ಕಿವಿಗೆ ಬೀಳುತ್ತಿತ್ತು. ನಿಜ ಹೇಳಬೇಕೆಂದರೆ ಅಂದು ನಾನು ಸುಖಪಟ್ಟೆ. ಇಡೀ ಬದುಕಿನಲ್ಲಿ ಅಷ್ಟು ಜನರ ನಡುವೆ ನನಗೊಂದು ಹೆಸರಿನ ಜಾಗ ಇದ್ದದ್ದು ಅದೊಂದೇ ದಿನ. ಮದುಮಗಳ ತಾಯಿ ಮಾತ್ರ ಅಕ್ಷತೆ ಹಾಕುವಾಗ ನನ್ನ ಮುಖ ನೋಡದೆ ಹಾಲಿನ ಬಾಗಿಲ ಕಡೆ ನೋಡುತ್ತಿದ್ದರು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಮದುವೆ ಮುಗಿದು ಪಕ್ಕದ ಮನೆಯವರು ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೇಲೆ ಒಂದು ಭಾನುವಾರ ನಾನೇ ಅವರ ಮುಂದೆ ವಿಷಯ ತೆಗೆದೆ. ಇನ್ನು ಹೆಂಡತಿಗೆ ಹೇಳಬಹುದಲ್ಲ, ಆ ಮೇಲುಗಳನ್ನು ಓದಿದ್ದೀರಲ್ಲ ಎಂದೆ. ಅವರು ಅರ್ಥವಾಗದವರಂತೆ ನನ್ನನ್ನು ನೋಡಿದರು.

“ಯಾವ ಮೇಲ್ ರೀ? ಆ ಆಫೀಸಿನ ಪೆಟಗಿ ನಾ ಒಮ್ಮೆನೂ ತೆರದಿಲ್ಲ. ಪಾಸ್‌ವರ್ಡ್ ಕೊಟ್ಟಿದ್ರು, ಎಲ್ಲೋ ಹೋತದು.” ಆಮೇಲೆ ಕೇಳಿದರು, “ಬರ್ತೀನಿ ಅಂದಿದ್ನೇನು?”

ನಾನು ಹೌದು ಎಂದೆ. ಬೀಗರಿಗೆ ಅವನ ಸುದ್ದಿ ನಿಶ್ಚಯದ ದಿನವೇ ಗೊತ್ತಾಗಿತ್ತಂತೆ. ಈಗಿನ ಕಾಲದಲ್ಲಿ ಅದೇನು ದೊಡ್ಡ ಮಾತು ಎಂದು ಅವರೇ ನಕ್ಕುಬಿಟ್ಟಿದ್ದರಂತೆ. ಅವನು ಮತ್ತೆ ಬರೆದೇ ಇಲ್ಲವೆಂದು ಇವರು ಸುಮ್ಮನಿದ್ದರಂತೆ. “ನೀವು ಒಂದು ಮಾತು ಅಂದಿದ್ರ ನಾನಾ ಕರಸ್ತಿದ್ದೆನಲ್ರೀ” ಎಂದರು. ಬೈಯಲಿಲ್ಲ. ತಾವೇ ಹಚ್ಚಿದ ಕೆಲಸವೆಂದು ಅವರಿಗೂ ನೆನಪಿತ್ತು. ಹೆಂಡತಿಗೆ ನಾನು ಹೇಳಲೇ ಎಂದು ಕೇಳಿದರು. ಬೇಡ, ನಾನೇ ಹೇಳುತ್ತೇನೆ ಎಂದೆ. ಆ ಕೆಲಸವನ್ನಾದರೂ ಬೇರೊಬ್ಬರಿಗೆ ದಾಟಿಸಬಾರದು ಅನ್ನಿಸಿತು.

ಆಕೆ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಎದುರಿಗೆ ನಿಂತೇ ಹೇಳಿದೆ. ಹೋಟೆಲಿನ ಮಾತು, ನಿಯಮ, ‘ಬೇರೆ’ ಫೋಲ್ಡರು, ಕಡೆಯ ಎರಡು ಮೇಲ್, ಕರೆಸುತ್ತಿದ್ದೆ ಎಂದು ಗಂಡ ಅಂದದ್ದು. ಆಕೆಯ ಬೆರಳು ಮಾತ್ರ ಜೋಳದಲ್ಲಿ ಆಡುತ್ತಿತ್ತು, ಕಲ್ಲು ತೆಗೆಯುತ್ತಿರಲಿಲ್ಲ.

“ಕೇಳಿದಾಗೆಲ್ಲ ನೀವು ಒಳಗ ಹೋಗಿ ನೋಡಿ ಬಂದು ಹೇಳ್ತಿದ್ರಿ” ಎಂದರು.

“ನಿಮ್ಮ ಫೋಲ್ಡರ್ ನೋಡಿ ಹೇಳ್ತಿದ್ದೆ ರೀ.”

“ನಾ ಫೋಲ್ಡರ್ ಕೇಳಿದ್ದಿಲ್ಲ. ನಮ್ಮ ತಮ್ಮ ಬರದಾನೇನು ಅಂತ ಕೇಳಿದ್ದೆ.”

ಆಮೇಲೆ ಎದ್ದು, ಕೈ ತೊಳೆದುಕೊಂಡು, ಎಲ್ಲ ಓದಿ ಹೇಳ್ರಿ ಎಂದು ನನ್ನ ಮನೆಗೆ ಬಂದರು. ನಾನು ಮೊದಲಿನಿಂದ ಓದಿದೆ. ಮಗು ನಡೆಯತೊಡಗಿದ್ದನ್ನು ಓದುವಾಗ ಆಕೆ ನಗಲಿಲ್ಲ, ಅಳಲೂ ಇಲ್ಲ. ಗೋಡೆಗೆ ಆತು ನಿಂತೇ ಕೇಳಿದರು. ಕೂರಿ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಓದಿ ಮುಗಿದ ಮೇಲೆ ಒಂದು ಉತ್ತರ ಬರೆಯಲು ಹೇಳಿದರು. ಮದುವೆ ಚೆನ್ನಾಗಿ ಆಯಿತು, ನಿನ್ನ ಕಾಗದ ನನಗೆ ಮುಟ್ಟಿರಲಿಲ್ಲ, ಭಾವನೂ ಬಾ ಅನ್ನುತ್ತಾರೆ, ಹೆಂಡತಿ ಮಗನನ್ನು ಕರೆದುಕೊಂಡು ಬಾ. ಮುಟ್ಟದೆ ಹೋದದ್ದು ನನ್ನಿಂದ ಎಂದು ಬರೆಯಲೇ ಎಂದು ಕೇಳಿದೆ.

“ಬ್ಯಾಡ್ರಿ. ಅಂವಗ ನೀವು ಯಾರು ಅಂತ ಏನು ಗೊತ್ತು?”

ಕಡೆಯಲ್ಲಿ, ಉತ್ತರವನ್ನು ಈ ವಿಳಾಸಕ್ಕೆ ಬರೆಯಬೇಡ ಎಂದು ಸೇರಿಸಲು ಹೇಳಿ, ಮಗಳು ಮಾಡಿಕೊಂಡಿದ್ದ ಹೊಸ ವಿಳಾಸದ ಚೀಟಿಯನ್ನು ನನ್ನ ಮುಂದಿಟ್ಟರು. ನಾನೇ ಅದನ್ನು ಟೈಪ್ ಮಾಡಿದೆ. ಆಕೆ ಹೋದ ಮೇಲೆ ಮೇಲಿನ ಸಾಲನ್ನು ಅಳಿಸಿದೆ. ಅಳಿಸಿದರೂ ಬಿಟ್ಟರೂ ಅಷ್ಟೇ ಆಗಿತ್ತು. ಆ ವಿಳಾಸದಿಂದ ಮತ್ತೆ ಏನೂ ಬರಲಿಲ್ಲ.

ರೊಟ್ಟಿಗೆ ಕೂಗು ಬರುವುದು ನಿಂತಿತು. ಎದುರು ಸಿಕ್ಕರೆ ಆರಾಮ ಅದೀರಿ ಎಂದು ಕೇಳುತ್ತಿದ್ದರು, ಅಣ್ಣಾರ ಎನ್ನುತ್ತಿರಲಿಲ್ಲ. ಉಳಿದ ಮನೆಗಳವರಿಗೂ ಏನೋ ಗೊತ್ತಾಗಿರಬೇಕು. ಅಥವಾ ತಿರುವಿನಲ್ಲಿ ಇಂಟರ್ನೆಟ್ ಅಂಗಡಿ ತೆರೆದದ್ದರಿಂದಲೋ. ಒಬ್ಬೊಬ್ಬರಾಗಿ ತಮ್ಮ ತಮ್ಮ ವಿಳಾಸ ಮಾಡಿಕೊಂಡರು. ನಾನು ಬೆಳಿಗ್ಗೆ ಫೋನ್ ಹಚ್ಚುವುದನ್ನು ಬಿಡಲಿಲ್ಲ. ಯಂತ್ರ ಯಾರು ಯಾರದೋ ಜಾಹೀರಾತುಗಳನ್ನು ತಂದು ಹಾಕುತ್ತಿತ್ತು. ಮನೆಗಳ ನಂಬರಿನ ನಿಯಮಗಳು ಫೈಲಿನಲ್ಲಿ ಹಾಗೇ ಇದ್ದವು.

ತಮ್ಮ ಬಂದದ್ದು ದಸರೆಯ ಸುಮಾರಿಗೆ. ನಾನು ಕಿಟಕಿಯ ಹತ್ತಿರ ಕೂತಿದ್ದೆ. ಆಟೋ ನಿಂತಿತು. ಅವನು ಇಳಿದ, ಒಬ್ಬ ತೆಳ್ಳನೆಯ ಹೆಂಗಸು ಇಳಿದಳು, ಒಂದು ಮಗುವನ್ನು ಇಳಿಸಿಕೊಂಡರು. ಮೂಗು ಹೇಗಿದೆ ಎಂದು ನಾನು ಕುತ್ತಿಗೆ ಚಾಚಿ ನೋಡಿದೆ, ಮಗು ಆ ಕಡೆ ಮುಖ ತಿರುಗಿಸಿತ್ತು. ಆಕೆ ಬರಿಗಾಲಲ್ಲಿ ಗೇಟಿಗೆ ಓಡಿ ಬಂದರು. ಏನೆಂದರೋ ಕೇಳಿಸಲಿಲ್ಲ. ಅವರೆಲ್ಲ ಒಳಗೆ ಹೋದ ಮೇಲೂ ಆಟೋದವನು ಬಾಡಿಗೆಗೆಂದು ಹಾರನ್ ಹೊಡೆಯುತ್ತಾ ನಿಂತಿದ್ದ.

ಅವರು ಇದ್ದಷ್ಟು ದಿನ ಗೋಡೆಯಾಚೆಯಿಂದ ನಗು ಕೇಳಿಸುತ್ತಿತ್ತು. ನಾನು ದಿನವೂ ಸ್ನಾನ ಮಾಡಿ ಒಗೆದ ಅಂಗಿ ತೊಟ್ಟು ಕೂರುತ್ತಿದ್ದೆ. ಒಂದು ಮಧ್ಯಾಹ್ನ ಆಕೆಯ ಗಂಡ ಗೋಡೆಯ ಮೇಲಿಂದ ಒಂದು ಡಬ್ಬಿ ಚಾಚಿದರು. ಹೋಳಿಗೆ. ಮನೆಯಲ್ಲಿ ಮಂದಿ ಬಹಳ ಇದ್ದಾರೆ, ಕೂರಲು ಜಾಗವಿಲ್ಲ ಎಂದು, ಕೇಳದಿದ್ದರೂ ಹೇಳಿದರು. ನಾನು ಇರಲಿ ಎಂದೆ. ಡಬ್ಬಿಯಲ್ಲಿ ತುಪ್ಪವೂ ಇತ್ತು. ಕಳಿಸಿದವರು ಆಕೆಯೇ ಎಂದು ಅದರಿಂದ ಗೊತ್ತಾಯಿತು, ನಾನು ಹೋಳಿಗೆಗೆ ಹಾಲು ಹಾಕಿಕೊಳ್ಳುವುದಿಲ್ಲ ಎಂದು ಆಕೆಗೆ ಮಾತ್ರ ಗೊತ್ತು.

ತಿಂದು, ಡಬ್ಬಿ ತೊಳೆದು, ಖಾಲಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ಗೋಡೆಯ ಮೇಲಿಟ್ಟೆ. ಕೂಗಿ ಕರೆಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಸಂಜೆ ನೋಡಿದಾಗ ಡಬ್ಬಿ ಅಲ್ಲಿರಲಿಲ್ಲ.